ಎಲ್ಲರೂ ಊರಲ್ಲಿರುವ ವಾರ

ಮೇ ತಿಂಗಳ ಆ ಬುಧವಾರ ಬೆಳಿಗ್ಗೆ ನಮ್ಮ ಊರು ಗ್ಯಾನೆಟ್ ಕೊಲ್ಲಿಯಿಂದ ಮೂರು ವ್ಯಾನುಗಳು ಒಂದರ ಹಿಂದೊಂದು ಹೊರಟವು. ಮೊದಲನೆಯದರಲ್ಲಿ ನನ್ನ ತಮ್ಮ ಗಾರ್ಲಂಡ್ ಮತ್ತು ದೂರದ ಅಲ್ಬರ್ಟಾದ ಕೆಲಸದ ಕ್ಯಾಂಪಿಗೆ ಹೋಗುವ ಹುಡುಗರು. ಎರಡನೆಯದರಲ್ಲಿ ಅಪ್ಪ ಮತ್ತು ಸಮುದ್ರದ ನಡುವೆ ಎಣ್ಣೆ ತೆಗೆಯುವ ಕಟ್ಟೆಯ ಮೇಲೆ ದುಡಿಯುವವರು. ಕೊನೆಯದರಲ್ಲಿ ಲಿಯಾಂಡರ್ ಮಾಮ ಮತ್ತು ಟ್ಯಾಂಕರ್ ಹಡಗಿನವರು. ಮೂರು ತಂಡವೂ ಒಂದೇ ದಿನ ಹೋಗುವುದು ಅಪರೂಪ. ವ್ಯಾನುಗಳ ಸದ್ದು ಗುಡ್ಡದಾಚೆ ಅಡಗಿದ ಮೇಲೆ ಊರಿನಲ್ಲಿ ಉಳಿದವರು ಮುದುಕರು, ಮಕ್ಕಳು, ಅಮ್ಮಂದಿರು ಮತ್ತು ನಾನು.

ನಾನು ನನ್ನ ಮನೆಯ ಹಿಂಬಾಗಿಲಲ್ಲಿ ನಿಂತಿದ್ದೆ. ಹಿಂಬಾಗಿಲು ಅಂದರೆ ಈಗ ಸಮುದ್ರದ ಬಾಗಿಲು ಅನ್ನಬೇಕು. ಏಪ್ರಿಲ್‌ನ ಬಿರುಗಾಳಿ ದಂಡೆಯನ್ನು ಕೇಕ್ ಕತ್ತರಿಸಿದ ಹಾಗೆ ಕತ್ತರಿಸಿಕೊಂಡು ಹೋಗಿತ್ತು. ಬಟ್ಟೆ ಒಣಹಾಕುವ ಹಗ್ಗದ ಒಂದು ಕಂಬ ಬಾಗಿಲ ಪಕ್ಕದಲ್ಲಿದೆ, ಇನ್ನೊಂದು ಕೆಳಗೆ ಕಲ್ಲುಗಳ ಮೇಲೆ ಬಿದ್ದಿದೆ. ರಾತ್ರಿ ಕಿವಿಗೊಟ್ಟರೆ ಮಣ್ಣು ಉದುರುವುದು ಕೇಳುತ್ತದೆ. ಕಿವಿಗೊಡದೆ ಇರುವುದು ನನ್ನಿಂದ ಆಗುವುದಿಲ್ಲ.

ಮರದ ಹಲಗೆಯ ಈ ಮನೆ ಎಫಿ ಅಜ್ಜಿಯದು, ಅಂದರೆ ಅಮ್ಮನ ಚಿಕ್ಕಮ್ಮನದು. ಮಂಡಿನೋವು ಜಾಸ್ತಿಯಾಗಿ ಅವರು ಮಗಳ ಜೊತೆ ಇರಲು ಪಟ್ಟಣಕ್ಕೆ ಹೋಗುವಾಗ ಬೀಗದ ಕೈ ನನ್ನ ಕೈಗೆ ಕೊಟ್ಟು, "ನಿಂಗೆ ಬಾಗ್ಲು ಹಾಕ್ಕೊಂಡು ಕೂರೋಕೆ ಒಂದ್ ಜಾಗ ಬೇಕು ಕಣೇ, ನಂಗೊತ್ತು" ಅಂದಿದ್ದರು. ಅದಕ್ಕಿಂತ ಚೆನ್ನಾಗಿ ಯಾರೂ ನನ್ನನ್ನು ವಿವರಿಸಿಲ್ಲ. ಸೇಂಟ್ ಜಾನ್ಸ್‌ನಲ್ಲಿ ಇತಿಹಾಸ ಓದಿ ಬಂದು, ಪಕ್ಕದೂರಿನ ಶಾಲೆಯಲ್ಲಿ ಯಾರಾದರೂ ರಜೆ ಹಾಕಿದಾಗ ಅವರ ಬದಲು ಪಾಠ ಮಾಡುತ್ತೇನೆ. ಇಡೀ ದಿನ ಮಕ್ಕಳ ಮುಂದೆ ನಿಂತು ಬಂದ ಮೇಲೆ, ಒಬ್ಬರೂ ನನ್ನನ್ನು ನೋಡದ ನಾಲ್ಕು ಗೋಡೆ ಬೇಕೇ ಬೇಕು. ಒಲೆ, ಎರಡು ಕೋಣೆ, ಕಿಟಕಿಯ ಹತ್ತಿರ ಡೈರಿ ಬರೆಯಲು ಒಂದು ಮೇಜು. ಅಷ್ಟೇ ನನಗೆ ಸಾಕಿತ್ತು.

ಬಿರುಗಾಳಿ ನಿಂತ ಮರುದಿನ ಲಿಯಾಂಡರ್ ಮಾಮ ಬಂದು ಮನೆಯ ಸುತ್ತ ಒಂದು ಸುತ್ತು ಹಾಕಿ, ಅಡಿಯ ಮರದ ಗೂಟಗಳನ್ನು ಒದ್ದು ನೋಡಿದ್ದ. ಅವನು ಹಡಗಿನಲ್ಲಿ ಹಗ್ಗ-ಕೊಕ್ಕೆಗಳ ಮೇಸ್ತ್ರಿ.

"ಎಳ್ದು ಮೇಲಕ್ಕೆ ತಗೊಂಡ್ ಹೋಗ್ಬೇಕು ಮಗಳೇ. ಹಳೇ ಆಲೂಗಡ್ಡೆ ಹೊಲಕ್ಕೆ. ಅಕ್ಟೋಬರ್ ಗಾಳಿ ಬರೋದ್ರೊಳ್ಗೆ."

"ಯಂತ್ರ ತರ್ಸಿದ್ರೆ?"

"ಈ ಕೆಸರಲ್ಲಿ ಯಂತ್ರ ಮೊದ್ಲು ಮುಳುಗುತ್ತೆ, ಆಮೇಲೆ ನಿನ್ ಮನೆ ಅದರ ಮೇಲೆ ಕೂರುತ್ತೆ. ಬೇಡ. ಹಗ್ಗ, ದಿಮ್ಮಿ, ಜನ. ನಮ್ಮಪ್ಪನ ಕಾಲ್ದಲ್ಲಿ ಚರ್ಚನ್ನೇ ಎಳ್ದಿದ್ರು."

"ಎಷ್ಟು ಜನ ಬೇಕು?"

"ಎಲ್ರೂ." ಅವನು ನಗಲಿಲ್ಲ. "ಮೂರು ತಂಡದವ್ರೂ ಊರಲ್ಲಿರ್ಬೇಕು. ಒಂದು ಕಮ್ಮಿಯಾದ್ರೂ ಇಳಿಜಾರಲ್ಲಿ ಅರ್ಧಕ್ಕೆ ನಿಲ್ಲುತ್ತೆ. ನಿಂತ ಮನೆ ಹಿಂದಕ್ಕೇ ಜಾರೋದು."

ಆಗಲೇ ಎಲ್ಲರೂ ಒಪ್ಪಿದ್ದರು. ಯಾವಾಗ ಅಂತ ಮಾತ್ರ ಯಾರೂ ಹೇಳಲಿಲ್ಲ. ಅಷ್ಟರಲ್ಲಿ ಆ ಬುಧವಾರ ಬಂತು, ಮೂರು ವ್ಯಾನೂ ಹೋದವು.

ಗಾರ್ಲಂಡನದು ನಾಲ್ಕು ವಾರದ ಸುತ್ತು. ಎರಡು ವಾರ ಕ್ಯಾಂಪು, ಎರಡು ವಾರ ಮನೆ. ಅಪ್ಪನದು ಆರು: ಮೂರು ವಾರ ನೀರಿನ ಮೇಲೆ, ಮೂರು ವಾರ ಮನೆ. ಟ್ಯಾಂಕರಿನದು ಒಂಬತ್ತು, ಆರು ವಾರ ಹಡಗಾದರೆ ಮೂರು ವಾರ ನೆಲ. ನಮ್ಮೂರಿನ ಮದುವೆಗಳು, ನಾಮಕರಣಗಳು, ಜಗಳಗಳೂ ಈ ಲೆಕ್ಕದಲ್ಲೇ ನಡೆಯುವುದು.

ಮೂವರೂ ಮತ್ತೆ ಯಾವಾಗ ಕೂಡುತ್ತಾರೆ ಎಂದು ಮೊದಲು ಲೆಕ್ಕ ಹಾಕಿದವಳು ಅಮ್ಮ, ಅದೂ ಆಲೂಗಡ್ಡೆ ಸಿಪ್ಪೆ ತೆಗೆಯುತ್ತ.

"ನಾಲ್ಕಾರ್ಲಿ ಇಪ್ಪತ್ನಾಲ್ಕು. ಅದನ್ನ ಒಂಬತ್ರಿಂದ ಗುಣಿಸಿದ್ರೆ ಇನ್ನೂರ ಹದ್ನಾರು. ಇನ್ನೂರ ಹದ್ನಾರು ವಾರ! ನಾಲ್ಕು ವರ್ಷದ ಮೇಲಾಯ್ತಲ್ಲೇ. ಅಷ್ಟೊತ್ತಿಗೆ ನಿನ್ ಮನೆ ತೇಲ್ಕೊಂಡು ಸಮುದ್ರದಾಚೆ ಐರ್ಲೆಂಡ್ ಸೇರಿರುತ್ತೆ. ನಿನ್ ರೂಮು ಇಲ್ಲಿ ಹಾಗೇ ಇದೆ, ಸುಮ್ನೆ ವಾಪಸ್ ಬಾ."

ಆ ಕೋಣೆಯ ಬಾಗಿಲಿಗೆ ಚಿಲಕವಿಲ್ಲ. ಅಮ್ಮ ಅದನ್ನು ತಟ್ಟಿದ್ದೂ ನನಗೆ ನೆನಪಿಲ್ಲ.

"ಗುಣಿಸೋದಲ್ಲಮ್ಮಾ. ಗುಣಿಸಿದ್ರೂ ಆ ದಿನ ಕೂಡೋದು ನಿಜ. ಆದ್ರೆ ಅದು ಮೊದಲ್ನೇ ಸಲ ಅಲ್ಲ. ಅದಕ್ಕೆ ಮುಂಚೆ ಎಷ್ಟೋ ಸಲ ಕೂಡಿರ್ತಾರೆ."

"ಅದ್ ಹೆಂಗೆ?"

ಏಳನೆಯ ತರಗತಿಗೆ ಲ.ಸಾ.ಅ. ಕಲಿಸುವಾಗ ಬೋರ್ಡಿನ ಮೇಲೆ ಬರೆಯುತ್ತೇನೆ, ಮಕ್ಕಳು ಬರೆದುಕೊಳ್ಳುತ್ತಾರೆ, ನನ್ನ ಧ್ವನಿ ಎರಡನೇ ಬೆಂಚು ದಾಟುವುದಿಲ್ಲ. ಅಮ್ಮನಿಗೆ ಬೋರ್ಡಿನಲ್ಲಿ ಹೇಳಿ ಪ್ರಯೋಜನವಿರಲಿಲ್ಲ.

"ಚರ್ಚ್ ಹಾಲಲ್ಲಿ ಸೂಪು ಊಟ ಇದೆ ಅಂತ ಇಟ್ಕೋ. ಒಂದೇ ಮೇಜು, ನಾಲ್ಕರವ್ರು, ಆರರವ್ರು, ಒಂಬತ್ತರವ್ರು ಅಂತ ಮೂರು ಮನೆಯವ್ರು ಸರದಿ ಮೇಲೆ ಬಡಿಸ್ತಾರೆ. ಒಂದೊಂದು ಎರಡಕ್ಕೂ ಒಂದು ಕೆಟಲ್, ಒಂದೊಂದು ಮೂರಕ್ಕೂ ಒಂದು ಬ್ರೆಡ್ ಡಬ್ಬಿ. ನಾಲ್ಕನ್ನ ಒಡೆದ್ರೆ ಎರಡು, ಎರಡು. ಅವ್ರಿಗೆ ಎರಡು ಕೆಟಲ್ ಬೇಕು. ಒಂಬತ್ತನ್ನ ಒಡೆದ್ರೆ ಮೂರು, ಮೂರು. ಅವ್ರಿಗೆ ಎರಡು ಬ್ರೆಡ್ ಡಬ್ಬಿ ಬೇಕು. ಆರನ್ನ ಒಡೆದ್ರೆ ಎರಡು, ಮೂರು. ಅವ್ರಿಗೆ ಒಂದು ಕೆಟಲ್, ಒಂದು ಡಬ್ಬಿ."

"ಸರಿ."

"ಮೇಜಿನ ಮೇಲೆ ಒಟ್ಟು ಏನೇನಿರ್ಬೇಕು?"

ಅಮ್ಮ ಚಾಕು ಕೆಳಗಿಟ್ಟಳು. ಚರ್ಚಿನ ಅಡುಗೆಮನೆಯನ್ನು ಎಷ್ಟೋ ವರ್ಷ ನಡೆಸಿದವಳು. "ಎರಡು ಕೆಟಲ್ಲು, ಎರಡು ಡಬ್ಬಿ. ಆರರವ್ರು ಬರೀ ಕೈಯಲ್ಲಿ ಬಂದ್ರೂ ಆಯ್ತು, ಅವ್ರ ಸರದಿಗೆ ಬೇಕಾದ್ದು ಅಲ್ಲೇ ಇರುತ್ತೆ."

"ಅಷ್ಟೇ! ಎರಡು, ಎರಡು, ಮೂರು, ಮೂರು. ಅವನ್ನ ಗುಣಿಸು."

"ನಾಲ್ಕು... ಒಂಬತ್ತು... ಮೂವತ್ತಾರು." ಅವಳ ಮುಖದಲ್ಲಿ ಒಂದು ಕ್ಷಣ ಸಂತೋಷ ಕಂಡಿತು. ಆಮೇಲೆ ಗೋಡೆಯ ಕ್ಯಾಲೆಂಡರ್ ಕಡೆ ನೋಡಿದಳು. ನಾನೂ ನೋಡಿದೆ. ಮೇ ತಿಂಗಳಿನಿಂದ ಮೂವತ್ತಾರು ವಾರ ಅಂದರೆ ಜನವರಿಯ ಕೊನೆ. ಅಕ್ಟೋಬರಿನ ಗಾಳಿ ಅಷ್ಟು ಹೊತ್ತಿಗೆ ತನ್ನ ಕೆಲಸ ಮುಗಿಸಿ ಮನೆಗೆ ಹೋಗಿರುತ್ತದೆ.

ಅಂದು ಸಂಜೆ ಗಾರ್ಲಂಡ್ ಕ್ಯಾಂಪಿನಿಂದ ಫೋನ್ ಮಾಡಿದ. ಅಮ್ಮ ಆಗಲೇ ಎಲ್ಲ ಹೇಳಿಬಿಟ್ಟಿದ್ದಳು.

"ಏನಕ್ಕಾ, ನಾಲ್ಕು ವರ್ಷ ಇದ್ದದ್ದು ಜನವರಿಗೆ ಬಂತಂತೆ? ಇನ್ನೊಂದ್ಸಲ ಲೆಕ್ಕ ಹಾಕು, ನಿನ್ನೆಗೇ ಬಂದ್ಬಿಡುತ್ತೆ."

"ತಮಾಷೆ ಮಾಡ್ಬೇಡ್ವೋ."

"ತಮಾಷೆ ಅಲ್ಲ. ಮನೆಗೆ ದೋಣಿ ತಳ ಹೊಡಿಸ್ಲಾ ಅಂತ ಕೇಳ್ತಿದೀನಿ."

ನಾನು ಫೋನ್ ಇಟ್ಟೆ. ಅವನ ಮಾತಿಗೆ ಬೇಸರವಾಗಲಿಲ್ಲ. ಲೆಕ್ಕ ಸರಿಯಾಗಿತ್ತು, ಅದೇ ಬೇಸರ. ಎಷ್ಟು ಸಲ ಒಡೆದರೂ ನಾಲ್ಕು ಎರಡೆರಡೇ, ಒಂಬತ್ತು ಮೂರುಮೂರೇ. ಸಂಖ್ಯೆಗಳ ಹತ್ತಿರ ಬೇಡಿಕೊಳ್ಳುವಂತಿಲ್ಲ.

ಜೂನ್ ಪೂರ್ತಿ ಒಂದು ಕಡೆ ಕೂರಲಾಗಲಿಲ್ಲ. ಓದಲು ಕೂತರೆ ಎದ್ದು ಹಿಂಬಾಗಿಲು ತೆರೆದು ನೋಡುವುದು. ನಡೆಯಲು ಹೋದರೆ ಗುಡ್ಡದ ಮೇಲಿನಿಂದ ತಿರುಗಿ ನೋಡುವುದು, ಮನೆ ಇದೆಯಾ ಎಂದು. ಡೈರಿಯಲ್ಲಿ ಬರೆದ ಸಾಲುಗಳೂ ಅರ್ಧಕ್ಕೆ ನಿಂತವು. ಅಪ್ಪ ರಜೆಗೆ ಬಂದು ದಂಡೆಗೆ ಬೇಲಿಗೂಟ ಹೊಡೆದ. ಮಾತು ಕಡಿಮೆಯ ಮನುಷ್ಯ, ನಾನು ಅವನ ಮಗಳೇ. "ಬಟ್ಟೆಬರೆ, ಪುಸ್ತಕ ಎಲ್ಲಾ ಈಚೆ ತಂದಿಡಮ್ಮ, ಯಾವುದಕ್ಕೂ" ಅಂದ. ನಾನು ತರಲಿಲ್ಲ. ಅಪ್ಪ ಹಿಂದಿರುಗುವ ಮುಂಚೆಯೇ ಎರಡು ಗೂಟಗಳು ಗಾಳಿಯಲ್ಲಿ ನೇತಾಡುತ್ತಿದ್ದವು, ಅವುಗಳ ಕೆಳಗಿನ ಮಣ್ಣು ಹೋಗಿತ್ತು.

ಜೂನ್ ಕೊನೆಗೆ ಟ್ಯಾಂಕರಿನವರು ಬಂದರು. ಅದೇ ದಿನ ಗಾರ್ಲಂಡನೂ ಎರಡನೇ ಸಲದ ರಜೆಗೆ ಬಂದಿದ್ದ. ನಾನು ವಿನ್ನಿ ಅತ್ತೆಯ ಅಂಗಡಿಯಲ್ಲಿ ಹಾಲಿನ ಡಬ್ಬಿ ತೆಗೆದುಕೊಳ್ಳುತ್ತಿದ್ದೆ. ಲಿಯಾಂಡರ್ ಮಾಮ ಚೀಲ ಹೆಗಲಲ್ಲೇ ಇಟ್ಟುಕೊಂಡು ಒಳಗೆ ಬಂದ, ಅವನ ಹಿಂದೆಯೇ ಗಾರ್ಲಂಡ್.

"ಬಂದ್ಯಾ ಲಿಯಾಂಡರ್!" ವಿನ್ನಿ ಅತ್ತೆ ಕೂಗಿದಳು. ಅವಳು ಮೆತ್ತಗೆ ಮಾತಾಡಿದ್ದನ್ನು ಈ ಕೊಲ್ಲಿ ಕೇಳಿಲ್ಲ. "ಯಾವಾಗ ಹೋಗೋದು?"

"ಮೂರು ಬುಧವಾರ ಬಿಟ್ಟು."

"ನೀನೋ ಗಾರ್ಲಂಡ್?"

"ಎರಡು ಬುಧವಾರ ಬಿಟ್ಟು."

"ಹಾಗಾದ್ರೆ ನೀನು ಮೊದ್ಲು. ನಿನ್ ಅಪ್ಪ ಇವತ್ತೇ ಹೋದ, ಅಲ್ವಾ?"

ಗ್ಯಾನೆಟ್ ಕೊಲ್ಲಿಯಲ್ಲಿ ಬಂದವರನ್ನು ಮಾತಾಡಿಸುವ ರೀತಿಯೇ ಇದು. ಚಿಕ್ಕವಳಿದ್ದಾಗಿನಿಂದ ಕೇಳಿದ್ದೇನೆ. ಯಾರೂ ಹೇಗಿದ್ದೀಯ ಅನ್ನುವುದಿಲ್ಲ, ಯಾವಾಗ ಬಂದೆ ಅನ್ನುವುದಿಲ್ಲ. ಹೋಗುವ ದಿನದಿಂದಲೇ ನಮ್ಮ ಎಣಿಕೆ ಶುರು. ಅಮ್ಮ ಕ್ಯಾಲೆಂಡರಿನಲ್ಲಿ ಸುತ್ತು ಹಾಕುವುದು ಅಪ್ಪ ಹೋಗುವ ದಿನಕ್ಕೆ, ಬರುವ ದಿನಕ್ಕಲ್ಲ. ಬರುವ ದಿನಕ್ಕೆ ಸುತ್ತು ಹಾಕಿದರೆ ಮಂಜು ಕವಿದು ಅದು ಸುಳ್ಳಾಗುತ್ತದೆ ಎಂಬ ಭಯ ನಮ್ಮ ಹೆಂಗಸರಿಗೆ.

ಹಾಲಿನ ಡಬ್ಬಿ ಕೈಯಲ್ಲಿ ಹಿಡಿದು ನಿಂತಲ್ಲೇ ನಿಂತೆ. ನನ್ನ ಮೂವತ್ತಾರು ಯಾವ ಪ್ರಶ್ನೆಗೆ ಉತ್ತರ? ಮೂರೂ ತಂಡ ಮತ್ತೆ ಒಂದೇ ದಿನ *ಹೋಗುವುದು* ಯಾವಾಗ ಎಂಬುದಕ್ಕೆ. ನನಗೆ ಬೇಕಾದದ್ದು ಅದಲ್ಲ. ಮೂರೂ ತಂಡ ಒಟ್ಟಿಗೆ ಊರಲ್ಲಿ *ಇರುವುದು* ಯಾವಾಗ ಎಂಬುದು. ಒಟ್ಟಿಗೆ ಇರುವುದಕ್ಕೆ ಒಟ್ಟಿಗೆ ಹೋಗಬೇಕೆಂದು ಯಾರು ಹೇಳಿದರು? ಇದೋ, ನನ್ನ ಕಣ್ಣೆದುರೇ, ಬೇರೆ ಬೇರೆ ದಿನ ಹೋಗುವ ಇಬ್ಬರು ಒಂದೇ ಅಂಗಡಿಯಲ್ಲಿ ನಿಂತಿದ್ದಾರೆ.

"ಯಾಕಕ್ಕಾ, ಹಾಲು ಹುಳಿಯಾಗಿದ್ಯಾ?" ಗಾರ್ಲಂಡ್ ಕೇಳಿದ.

ನಾನು ಮನೆಗೆ ಓಡಿದೆ. ಡಬ್ಬಿಗೆ ದುಡ್ಡು ಕೊಡದೆ ಬಂದದ್ದು ಮನೆ ಸೇರಿದ ಮೇಲೆ ಗೊತ್ತಾಯಿತು.

ಎಫಿ ಅಜ್ಜಿ ಅಟ್ಟದ ಮೇಲೆ ಗೋಡೆಕಾಗದದ ಒಂದು ಸುರುಳಿ ಬಿಟ್ಟು ಹೋಗಿದ್ದರು. ಅದನ್ನು ನೆಲದ ಮೇಲೆ ಹಾಸಿ, ಬೆನ್ನ ಕಡೆ ಚೌಕಗಳನ್ನು ಎಳೆದೆ, ವಾರಕ್ಕೊಂದು. ಎಷ್ಟು ಚೌಕ ಎಳೆಯಬೇಕು? ಇಲ್ಲಿ ಲ.ಸಾ.ಅ. ಕೈಬಿಡಲಿಲ್ಲ. ಮೂವತ್ತಾರು ಮುಗಿದರೆ ಎಲ್ಲ ಮೊದಲಿನಿಂದ ಶುರು, ಮೂವತ್ತೇಳನೆಯದು ಒಂದನೆಯದರ ಹಾಗೇ ಇರುತ್ತದೆ. ಮೂವತ್ತಾರು ಚೌಕದೊಳಗೆ ಅಂಥ ವಾರ ಸಿಗದಿದ್ದರೆ ಪ್ರಪಂಚ ಮುಗಿಯುವವರೆಗೂ ಸಿಗುವುದಿಲ್ಲ. ಅದು ನನಗೆ ಕೊಟ್ಟದ್ದು ದಿನಾಂಕವಲ್ಲ, ಕಾಗದದ ಉದ್ದ.

ನಾಲ್ಕರವರು ಊರಲ್ಲಿರುವ ವಾರಗಳಿಗೆ ಕೆಂಪು ಗೆರೆ. ಆರರವರಿಗೆ ನೀಲಿ. ಒಂಬತ್ತರವರಿಗೆ ಹಸಿರು. ಕೆಂಪು, ನೀಲಿ ಕೂಡುತ್ತವೆ, ಹಸಿರು ಇಲ್ಲ. ಹಸಿರು, ಕೆಂಪು ಕೂಡುತ್ತವೆ, ನೀಲಿ ಇಲ್ಲ. ಅವಸರಕ್ಕೆ ಗೆರೆಗಳು ಸೊಟ್ಟಗಾದವು. ಹದಿನೈದು ವಾರ ಮುಗಿದ ಮೇಲಿನ ಚೌಕ, ಹದಿನಾರನೆಯದು. ಕೆಂಪು. ನೀಲಿ. ಹಸಿರು.

ಮತ್ತೆ ಎಣಿಸಿದೆ. ಅದರಾಚೆ ಜನವರಿಯ ಎರಡು ವಾರ ಬಿಟ್ಟರೆ ಇಡೀ ಸುರುಳಿಯಲ್ಲಿ ಮೂರು ಬಣ್ಣ ಬಂದದ್ದು ಆ ಒಂದೇ ಚೌಕದಲ್ಲಿ. ಆಗಸ್ಟ್ ಕೊನೆಯ ಬುಧವಾರ ಅಪ್ಪನೂ ಟ್ಯಾಂಕರಿನವರೂ ಬರುತ್ತಾರೆ. ಮುಂದಿನ ಬುಧವಾರ ಗಾರ್ಲಂಡನವರು ಹೋಗುತ್ತಾರೆ. ನಡುವೆ ಒಂದು ವಾರ.

ಹೇಳುವುದು ಹೇಗೆ ಎಂಬುದೇ ಕಷ್ಟವಾಯಿತು. ನಾಲ್ಕು ವರ್ಷ ಅಂದದ್ದು ಅಮ್ಮನಾದರೂ, ಊರಿನ ಬಾಯಲ್ಲಿ ಅದೂ ನನ್ನ ಹೆಸರಿಗೇ ಬಂದಿತ್ತು. ಜನವರಿ ಅಂದದ್ದಂತೂ ನಾನೇ. ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದೆ, ಸುರುಳಿಯನ್ನು ವಿನ್ನಿ ಅತ್ತೆಯ ಅಂಗಡಿಯ ಗೋಡೆಗೆ ಮೊಳೆ ಹೊಡೆದು, ಹಾಲಿನ ಡಬ್ಬಿಯ ದುಡ್ಡು ಮೇಜಿನ ಮೇಲಿಟ್ಟು ಹೊರಟೆ. ಬಾಗಿಲು ತಲುಪಲಿಲ್ಲ.

"ಇದೇನೇ ಇದು, ಹೊದಿಕೆ ನೇಯೋ ಡಿಸೈನಾ?" ಅತ್ತೆ ಕೂಗಿದಳು. ಅಂಗಡಿಯಲ್ಲಿದ್ದವರೆಲ್ಲ ತಿರುಗಿದರು. ಲಿಯಾಂಡರ್ ಮಾಮ ಕನ್ನಡಕ ಹಾಕಿಕೊಂಡು ಹತ್ತಿರ ಹೋದ.

ನಾನು ಹೇಳಿದೆ. ಯಾವ ಕ್ರಮದಲ್ಲಿ ಹೇಳಿದೆನೋ ಗೊತ್ತಿಲ್ಲ, ಕಿವಿ ಬಿಸಿಯಾಗಿ ನನ್ನ ಮಾತು ನನಗೇ ಕೇಳುತ್ತಿರಲಿಲ್ಲ. ಮಾಮ ಬೆರಳಿಟ್ಟು ಒಂದೊಂದು ಚೌಕ ದಾಟಿದ. ಹಸಿರು ಗೆರೆಯ ಮೇಲೆ ಬೆರಳು ನಿಲ್ಲಿಸಿ, ಮನಸ್ಸಿನಲ್ಲೇ ತನ್ನ ಹಡಗಿನ ದಿನಗಳನ್ನು ಹೋಲಿಸಿ ನೋಡಿದ.

"ಸರಿಯಾಗಿದೆ ಅನ್ಸುತ್ತೆ" ಅಂದ.

"ಅನ್ಸುತ್ತೆ ಅಂದ್ರೆ?" ಅತ್ತೆ ಬಿಡಲಿಲ್ಲ. "ಹೋದ್ ತಿಂಗಳು ಜನವರಿ ಅಂದ್ಲು. ಜನ ದೋಣಿ ಬಿಟ್ಟು, ಬೆರ್ರಿ ಕೀಳೋದು ಬಿಟ್ಟು, ಒಂದು ವಾರ ಕಾಯ್ಬೇಕು. ಇವಳು ಆಮೇಲೆ ಅಯ್ಯೋ ಅಕ್ಟೋಬರ್ ಅಂದ್ರೆ?"

"ಅನ್ನಲ್ಲ" ಅಂದೆ.

"ಏನಂದೆ? ಕೇಳಿಸ್ಲಿಲ್ಲ."

"ಅನ್ನಲ್ಲ ಅಂದೆ ಅತ್ತೆ. ಇದೊಂದೇ ವಾರ. ಇದು ಬಿಟ್ರೆ ಅಕ್ಟೋಬರ್ ಗಾಳಿಗೆ ಮುಂಚೆ ಇಲ್ಲ."

ಆಗಸ್ಟ್‌ನಲ್ಲಿ ಗಾರ್ಲಂಡನ ತಂಡ ಮೊದಲು ಬಂತು. ಹುಡುಗರು ಚಿಮಣಿ ಬಿಚ್ಚಿ ಇಟ್ಟಿಗೆಗಳನ್ನು ಮೇಲಿನ ಹೊಲಕ್ಕೆ ಸಾಗಿಸಿದರು. ಒಂದು ವಾರಕ್ಕೆ ಹಡಗಿನವರು ಬಂದರು. ಲಿಯಾಂಡರ್ ಮಾಮ ಅಂದೇ ಜಾಕ್ ಇಟ್ಟು ಮನೆಯನ್ನು ಗೂಟಗಳಿಂದ ಎತ್ತಿಸಿ, ಅಡಿಗೆ ಎರಡು ಉದ್ದ ದಿಮ್ಮಿಗಳನ್ನು ಸೇರಿಸಿದ. ಇನ್ನು ಮನೆ ಹಿಂದಿನ ಹಾಗೆ ಕೂರುವಂತಿಲ್ಲ. ಮೇಲಕ್ಕೆ ಹೋಗಬೇಕು, ಇಲ್ಲ ಕೆಳಕ್ಕೆ.

ಅಪ್ಪನ ತಂಡ ಬರಬೇಕಾದದ್ದೂ ಅದೇ ಬುಧವಾರ. ಆ ದಿನ ಮಂಜು ಬಂತು.

ಅಪ್ಪ ಫೋನ್ ಮಾಡಿದ. "ಹೆಲಿಕಾಪ್ಟರ್ ಬರ್ಲಿಲ್ಲ. ಕೈ ಚಾಚಿದ್ರೆ ಬೆರಳು ಕಾಣ್ತಿಲ್ಲ ಇಲ್ಲಿ."

"ನಾಳೆ?"

"ನೋಡೋಣಮ್ಮ."

ಗುರುವಾರವೂ ಅದೇ ಮಾತು, ಶುಕ್ರವಾರವೂ. ನಮ್ಮ ಕೊಲ್ಲಿಯಲ್ಲಿ ಬಿಸಿಲಿತ್ತು, ಅದು ಇನ್ನೂ ಕೆಟ್ಟದ್ದು. ಜನ ಹಗ್ಗದ ಪಕ್ಕ ಬಂದು ನಿಲ್ಲುತ್ತಿದ್ದರು, ಸಿಗರೇಟು ಸೇದುತ್ತಿದ್ದರು, ಹೋಗುತ್ತಿದ್ದರು. ಚಿಮಣಿಯಿಲ್ಲದೆ ಒಲೆ ಹಚ್ಚಲಾಗದ ಮನೆಯಲ್ಲಿ ನಾನು ಕೋಟು ಹಾಕಿಕೊಂಡು ಮಲಗುತ್ತಿದ್ದೆ. ದಿಮ್ಮಿಗಳ ಮೇಲಿನ ಮನೆಗೆ ನಿದ್ದೆ ಬರುವುದಿಲ್ಲ. ಗಾಳಿ ಮುಟ್ಟಿದರೆ ಸಾಕು ಎಲ್ಲೋ ಒಂದು ಕೀಲು ನರಳುತ್ತದೆ. ಅಮ್ಮ ಬೆಳಿಗ್ಗೆ ಬೆಳಿಗ್ಗೆ ಬಟಾಣಿ ಸೂಪು ತಂದು, "ಇಷ್ಟೆಲ್ಲಾ ಯಾಕೇ? ರೂಮಿಗೆ ಚಿಲಕ ಬೇಕಾದ್ರೆ ಹಾಕಿಸ್ತೀನಿ" ಅಂದಳು. ನಾನು ಯಾವತ್ತೂ ಅವಳಿಗೆ ಚಿಲಕದ ವಿಷಯ ಹೇಳಿರಲಿಲ್ಲ. ಅವಳಿಗೆ ಗೊತ್ತಿದೆ ಎಂದೂ ಗೊತ್ತಿರಲಿಲ್ಲ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಗಾರ್ಲಂಡ್ ತಡೆಯಲಾರದೆ ಹೋದ. "ಮಾಮ, ಇರೋವ್ರೇ ಎಳೆಯೋಣ. ಬುಧವಾರ ಬೆಳಿಗ್ಗೆ ನಮ್ ವ್ಯಾನು. ವಿಮಾನ ತಪ್ಪಿದ್ರೆ ನನ್ ಜಾಗಕ್ಕೆ ಇನ್ನೊಬ್ಬ ಬರ್ತಾನೆ."

"ಇಳಿಜಾರಿನ ಅರ್ಧದಲ್ಲಿ ನಿನ್ ಕೈ ಸೋತ್ರೆ ಮನೆ ಯಾರ್ ಮೇಲೆ ಬರುತ್ತೆ ಗೊತ್ತಾ?"

"ನನ್ ಕೈ ಸೋಲಲ್ಲ."

"ಹಗ್ಗ ಹಿಡಿದವ್ರೆಲ್ಲಾ ಹಾಗೇ ಅಂತಾರೆ. ಕಾಯ್ತಾ ಇರು."

ಗಾರ್ಲಂಡ್ ನನ್ನ ಕಡೆ ತಿರುಗಿದ. ಬೈಯುತ್ತಾನೆ ಅಂದುಕೊಂಡೆ. "ನಿನ್ ಚೌಕದಲ್ಲಿ ಮಂಜಿಗೆ ಯಾವ ಬಣ್ಣ ಹಾಕಿದ್ಯೇ?" ಅಂದ. ಧ್ವನಿ ಮಾತ್ರ ತಮಾಷೆಯದಾಗಿತ್ತು.

ಮಂಜು ಮಂಗಳವಾರ ಬೆಳಿಗ್ಗೆ ಬಿಟ್ಟಿತು. ಅಪ್ಪನ ವ್ಯಾನು ಗುಡ್ಡ ಇಳಿದು ಬಂದಾಗ ಮಧ್ಯಾಹ್ನ ದಾಟಿತ್ತು. ಅವರು ಚೀಲಗಳನ್ನು ರಸ್ತೆಯಲ್ಲೇ ಎಸೆದು ನೇರ ಹಗ್ಗಕ್ಕೆ ಬಂದರು. ಯಾರೂ ಯಾರನ್ನೂ ಯಾವಾಗ ಹೋಗೋದು ಎಂದು ಕೇಳಲಿಲ್ಲ.

ಎರಡು ಹಗ್ಗ, ಎರಡು ಸಾಲು ಜನ. ನಾನು ಅಪ್ಪನ ಹಿಂದೆ, ನನ್ನ ಹಿಂದೆ ವಿನ್ನಿ ಅತ್ತೆ. ಲಿಯಾಂಡರ್ ಮಾಮ ಮುಂದೆ ನಿಂತು ಹಾಡು ಎತ್ತಿದ. ಅದಕ್ಕೆ ಅರ್ಥವಿಲ್ಲ. ಪ್ರತಿ ಸಾಲಿನ ಕೊನೆಗೆ ಒಂದು ಕೂಗು ಬರುತ್ತದೆ, ಆಗ ಎಲ್ಲರೂ ಒಟ್ಟಿಗೆ ಎಳೆಯಬೇಕು, ಅಷ್ಟೇ. ಮೊದಲ ಕೂಗಿಗೆ ಮನೆ ಅಲುಗಲಿಲ್ಲ. ಎರಡನೆಯದಕ್ಕೂ ಇಲ್ಲ.

"ಬೇರು ಬಿಟ್ಟಿದ್ಯಲ್ಲೇ ನಿನ್ ಮನೆ!" ಅತ್ತೆ ನನ್ನ ಕಿವಿಯಲ್ಲೇ ಕಿರುಚಿದಳು.

ಮೂರನೆಯದಕ್ಕೆ ಹಗ್ಗ ಹಠಾತ್ತನೆ ಹಗುರಾದಂತಾಯಿತು, ನಾವೆಲ್ಲ ಎಡವಿದೆವು. ಸಾಬೂನು ಹಚ್ಚಿದ ದಿಮ್ಮಿಗಳ ಮೇಲೆ ಮನೆ ಒಂದು ಮೊಳ ಮುಂದೆ ಬಂದಿತ್ತು. ಹಿಂದಿನಿಂದ ದಂಡೆಯ ದೊಡ್ಡ ತುಂಡೊಂದು ಕಳಚಿ ಬಿದ್ದ ಸದ್ದು ಬಂತು. ಯಾರೂ ತಿರುಗಿ ನೋಡಲಿಲ್ಲ. ನಾನೂ ನೋಡಲಿಲ್ಲ, ಅಷ್ಟು ದಿನಗಳಲ್ಲಿ ಮೊದಲ ಸಲ.

ಇಳಿಜಾರು ಹತ್ತುವಾಗ ಮನೆ ನಿಧಾನವಾಗಿ ಓರೆಯಾಯಿತು. ಎಡಗಡೆಯ ಹಗ್ಗದಲ್ಲಿ ಅಲ್ಬರ್ಟಾದ ಹುಡುಗರು, ಅವರ ಎಳೆತ ಜಾಸ್ತಿ. ಮಾಮ ಕೂಗಿ ಹೇಳುವಷ್ಟರಲ್ಲಿ ಮನೆ ಅರ್ಧ ತಿರುಗಿ, ಇಳಿಜಾರು ಮುಗಿಯುವ ಅಂಚಿಗೆ ಏರಿ, ಊರಿನ ಕಾಲುದಾರಿಯ ಮೇಲೆ ಬಂದು ಕುಕ್ಕರಿಸಿತು. ಮುಂದಿನ ದಿಮ್ಮಿ ಮೆತ್ತನೆ ಮಣ್ಣಿನಲ್ಲಿ ಹೂತುಹೋಯಿತು. ಮತ್ತೆ ಹಾಡಿದರು, ಮತ್ತೆ ಎಳೆದೆವು. ಅಂಗೈ ಸುಲಿದು ಹಗ್ಗಕ್ಕೆ ರಕ್ತ ಅಂಟಿತು. ಮನೆ ಕದಲಲಿಲ್ಲ. ಬೆಳಕು ಹೋಗುತ್ತಿತ್ತು.

ಲಿಯಾಂಡರ್ ಮಾಮ ಹಾಡು ನಿಲ್ಲಿಸಿ, ಸುತ್ತ ಹೋಗಿ ನೋಡಿ ಬಂದ.

"ಸಾಕು. ಇಲ್ಲಿಗೆ ಸಮುದ್ರ ಬರಲ್ಲ. ಇವತ್ತಿಗೆ ಇಷ್ಟೇ."

"ಹೊಲ ಅಲ್ಲಿದೆ ಮಾಮ, ಇನ್ನೊಂದ್ ಸ್ವಲ್ಪ" ಅಂದ ಗಾರ್ಲಂಡ್. ಅವನ ಅಂಗಿ ಬೆನ್ನಿಗೆ ಅಂಟಿತ್ತು.

"ಆ ಸ್ವಲ್ಪಕ್ಕೆ ದಿಮ್ಮಿ ಅಗೆದು ತೆಗೀಬೇಕು, ಒಂದ್ ದಿನದ ಕೆಲ್ಸ. ಆಮೇಲೆ ಎಳೆಯೋಕೆ ನೀವು ಬೇಕು. ನಾಳೆ ನೀನೆಲ್ಲಿರ್ತೀಯ?"

ಗಾರ್ಲಂಡ್ ಹಗ್ಗ ಕೆಳಗಿಟ್ಟ. ಬೆಳಕು ಹರಿಯುವ ಮುಂಚೆ ವ್ಯಾನು ಅವನನ್ನು ಕರೆದುಕೊಂಡು ಹೋಯಿತು.

ಬುಧವಾರ ಬೆಳಿಗ್ಗೆ ಎಚ್ಚರವಾದಾಗ ಮೊದಲು ಕೇಳಿಸಿದ್ದು ಸಮುದ್ರವಲ್ಲ, ಯಾರೋ ಗೋಡೆ ಬಡಿಯುವ ಸದ್ದು.

"ಥೀಯಾ! ಏಳೇ ಮಾರಾಯ್ತಿ! ನಾನು ಅಂಗಡಿ ತೆಗೀಬೇಕು!"

ಹಿಂಬಾಗಿಲು ತೆರೆದೆ. ವಿನ್ನಿ ಅತ್ತೆ ದಾರಿಯ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅಲ್ಲ, ನನ್ನ ಮನೆ ನಿಂತಿತ್ತು ದಾರಿಯ ನಡುವೆ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಮಂಡಿವರೆಗೆ ಹೂತುಹೋಗುವ ಕೆಸರು.

"ಹಾರ್ಲಾ? ಈಜ್ಲಾ? ನೀನೇ ಹೇಳು, ಲೆಕ್ಕದವಳು."

"ಒಳಗ್ ಬನ್ನಿ ಅತ್ತೆ."

"ಒಳಗ್ ಬಂದು?"

ಮನೆ ತಿರುಗಿ ನಿಂತದ್ದರಿಂದ ಹಿಂಬಾಗಿಲು ದಾರಿಯ ಈ ಕಡೆಗೂ ಮುಂಬಾಗಿಲು ಆ ಕಡೆಗೂ ಆಗಿತ್ತು. ನಮ್ಮ ಕಡೆ ಮುಂಬಾಗಿಲನ್ನು ಯಾರೂ ಬಳಸುವುದಿಲ್ಲ. ಬಣ್ಣ ಬಳಿದು ಬಳಿದು ಅದು ಚೌಕಟ್ಟಿಗೆ ಅಂಟಿಹೋಗಿತ್ತು. ಅಡುಗೆಯ ಚಾಕುವಿನಿಂದ ಅಂಚು ಕೆರೆದೆ, ಅತ್ತೆ ಭುಜ ಕೊಟ್ಟಳು, ಬಾಗಿಲು ಕಿರ್ರೆಂದು ತೆರೆಯಿತು. ಅವಳು ನನ್ನ ಅಡುಗೆಮನೆಯನ್ನು ದಾಟಿ, ಮೇಜಿನ ಮೂಲೆಗೆ ಸೊಂಟ ತಗುಲಿಸಿಕೊಂಡು, ಆ ಕಡೆ ಇಳಿದಳು.

"ಮತ್ತೆ ಮೂರು ತಂಡ ಯಾವಾಗ ಕೂಡೋದು?" ಹೊರಗಿನಿಂದ ಕೇಳಿದಳು.

"ಜನವರಿ."

"ಈ ಸಲ ನಿಜವಾದ ಜನವರಿನಾ?"

"ನಿಜವಾದ್ದೇ. ಎರಡು ವಾರ ಇರ್ತಾರೆ."

"ಅಲ್ಲಿವರೆಗೆ ದಿನಾ ಎರಡ್ ಸಲ ನಾನು ಹೀಗೇ ದಾಟೋದು. ನಿಂಗೆ ಪರವಾಗಿಲ್ವಾ?"

ಬಾಗಿಲು ಹಾಕಿಕೊಂಡು ಕೂರಲೆಂದೇ ಉಳಿಸಿಕೊಂಡ ಮನೆ. ಅತ್ತೆ ನನ್ನ ಮುಖ ನೋಡಿ, "ಸರಿ, ಮುಂದಿನ್ಸಲ ಮೆತ್ತಗೆ ತಟ್ತೀನಿ" ಎಂದು ಹೊರಟಳು. ಅವಳ ಮಟ್ಟಿಗೆ ಅದು ಮೆತ್ತಗಿನ ಮಾತೇ.

ಅವಳ ಬೂಟಿನ ಮಣ್ಣನ್ನು ಒರೆಸುತ್ತಿರುವಾಗಲೇ ಹಿಂಬಾಗಿಲಲ್ಲಿ ಅಮ್ಮ ಬಂದು ನಿಂತಳು. ಅವಳು ತಟ್ಟಿದಳು. ಬಾಗಿಲು ತೆರೆದೇ ಇತ್ತು, ಆದರೂ ಚೌಕಟ್ಟಿಗೆ ಎರಡು ಸಲ ತಟ್ಟಿ, ಒಳಗೆ ಬರದೆ ಕಾದಳು. ಅವಳ ಹಿಂದೆ ದಾರಿಯಲ್ಲಿ ಅಪ್ಪ, ಅಪ್ಪನ ಹಿಂದೆ ಅಂಚೆ ತರಲು ಹೊರಟ ಇಬ್ಬರು ಮುದುಕರು, ಎಲ್ಲರೂ ಸಾಲಾಗಿ.

"ಬರ್ಲೇನೇ?" ಅಂದಳು ಅಮ್ಮ.

"ಒಂದ್ ನಿಮಿಷ" ಅಂದೆ. ಮೇಜು ದಾರಿಗೆ ಅಡ್ಡವಾಗಿತ್ತು. ಅದರ ಒಂದು ತುದಿಯನ್ನು ಎತ್ತಿ, ಗೋಡೆಯ ಕಡೆಗೆ ಎಳೆಯತೊಡಗಿದೆ.